ಅಪಾಯ ಈಗ ಯಾರ ಹೆಗಲ ಮೇಲಿದೆ?

ವಿದೇಶಿ ಅಂಗಡಿ ಸರಣಿಗಳ ಹಣಕಾಸಿನ ಲೆಕ್ಕವನ್ನು ಬೆಂಗಳೂರಿನಲ್ಲಿ ಕುಳಿತು ನೋಡುತ್ತಿರುವ ಗೆಳೆಯ ಗೆಳತಿಯರಿಗೆ,



ಟೆಸ್ಕೊ ಬೆಂಗಳೂರಿನಲ್ಲಿ ಕಚೇರಿ ತೆರೆದದ್ದು 2004ರಲ್ಲಿ, ಟಾರ್ಗೆಟ್ 2005ರಲ್ಲಿ. ಆಮೇಲೆ ವಾಲ್‌ಮಾರ್ಟ್, ಲೋವ್ಸ್ ಮುಂತಾದವು ಬಂದವು. ಟಾರ್ಗೆಟ್‌ಗೆ ಇಡೀ ಭಾರತದಲ್ಲಿ ಒಂದೇ ಒಂದು ಅಂಗಡಿಯೂ ಇಲ್ಲ. ಆದರೂ ಅದರ ಅಂಗಡಿಗಳ ಲೆಕ್ಕ, ಸ್ಟಾಕು, ಪಾವತಿಗಳ ಮೇಲೆ ಕಣ್ಣಿಟ್ಟು ಸಾವಿರಾರು ಜನ ಇಲ್ಲಿ ದುಡಿಯುತ್ತಿದ್ದಾರೆ. ಮೊದಮೊದಲು ಇಲ್ಲಿಗೆ ಬರುತ್ತಿದ್ದದ್ದು ಬಿಲ್ ಎಂಟ್ರಿ ಮತ್ತು ಬ್ಯಾಂಕ್ ತಾಳೆಯ ಕೆಲಸ. ಈಗ ನಗದು ಹರಿವಿನ ಅಂದಾಜು, ಕರೆನ್ಸಿ ಕವರ್‌ನ ಲೆಕ್ಕ, ವೆಂಡರ್ ಪಾವತಿಯ ವೇಳಾಪಟ್ಟಿ, ಕ್ವಾರ್ಟರ್ ಕ್ಲೋಸಿಂಗ್‌ನ ಟಿಪ್ಪಣಿಗಳು ಎಲ್ಲವೂ ಇಲ್ಲೇ ತಯಾರಾಗುತ್ತವೆ. ಅಂದರೆ ಜಗತ್ತಿನ ದೊಡ್ಡ ಅಂಗಡಿಗಳ ಹಣಕಾಸಿನ ಅಪಾಯವನ್ನು ಮೊದಲು ನೋಡುವ ಕಣ್ಣು ಅನೇಕ ಸಲ ನಿಮ್ಮದೇ ಆಗಿರುತ್ತದೆ.

ಇದೇ ವೃತ್ತಿಯಲ್ಲಿ ಬಹುಕಾಲ ಕಳೆದವಳು ನಾನು. ನಿಮಗೆ ಹೇಳಬೇಕಾದ ಮಾತೊಂದಿದೆ. 'ರಿಸ್ಕ್ ಇಳಿಸಿದ್ದೇವೆ' ಎಂದು ನಾವು ಸ್ಲೈಡಿನಲ್ಲಿ ಬರೆಯುತ್ತೇವಲ್ಲ, ಆಗ ಬಹಳ ಸಲ ಅಪಾಯ ಇಳಿದಿರುವುದಿಲ್ಲ. ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿರುತ್ತದೆ. ಹೊರಲು ತ್ರಾಣವಿರುವವರಿಗೆ, ಅದಕ್ಕೆ ತಕ್ಕ ಬೆಲೆ ಕೊಟ್ಟು, ತಿಳಿಸಿ ದಾಟಿಸಿದರೆ ಅದು ನಿರ್ವಹಣೆ. ತ್ರಾಣವಿಲ್ಲದವರ ಮೇಲೆ ಸದ್ದಿಲ್ಲದೆ ಹೇರಿದರೆ ಅದು ಸ್ವಲ್ಪ ಕಾಲ ಕಣ್ಮರೆಯಾಗಿ, ದೊಡ್ಡದಾಗಿ ಹಿಂತಿರುಗುತ್ತದೆ. ಕಳೆದ ಹತ್ತು ಹನ್ನೆರಡು ವರ್ಷಗಳ ಚಿಲ್ಲರೆ ವ್ಯಾಪಾರದ ಇತಿಹಾಸ ನನಗೆ ಕಲಿಸಿದ್ದು ಇದನ್ನೇ.

ಮೊದಲು ಕರೆನ್ಸಿಯ ಮಾತು. ಬ್ರಿಟನ್ನಿನ ಬಟ್ಟೆ ಅಂಗಡಿಗಳಿಗೆ ಗಿರಾಕಿಯಿಂದ ಬರುವುದು ಪೌಂಡ್. ಬಾಂಗ್ಲಾದೇಶ, ಚೀನಾ, ಭಾರತದ ಕಾರ್ಖಾನೆಗಳಿಗೆ ಅವು ಕೊಡುವುದು ಬಹುಮಟ್ಟಿಗೆ ಡಾಲರ್. ಆರ್ಡರ್ ಕೊಟ್ಟ ದಿನಕ್ಕೂ ಅಂಗಿ ಮಾರಾಟವಾಗುವ ದಿನಕ್ಕೂ ನಡುವೆ ಎಷ್ಟೋ ತಿಂಗಳು. 8 ಡಾಲರಿನ ಅಂಗಿ ಎಂದಿಟ್ಟುಕೊಳ್ಳಿ. ಪೌಂಡಿಗೆ 1.50 ಡಾಲರ್ ಇದ್ದಾಗ ಅದರ ಅಸಲು 5.33 ಪೌಂಡ್. ದರ 1.25ಕ್ಕೆ ಇಳಿದರೆ ಅದೇ ಅಂಗಿಗೆ 6.40 ಪೌಂಡ್. ಬೆಲೆಚೀಟಿ ಆಗಲೇ ಮುದ್ರಣವಾಗಿರುತ್ತದೆ. ಪೌಂಡಿಗೂ ಮಿಕ್ಕ ಆ ವ್ಯತ್ಯಾಸ ನೇರವಾಗಿ ಮಾರ್ಜಿನ್ನಿನಿಂದ ಕಳೆದುಹೋಗುತ್ತದೆ.

ಇದು ಬರೀ ಊಹೆಯ ಲೆಕ್ಕವಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ ಎಂದು ಬ್ರಿಟನ್ 2016ರ ಜೂನ್ 23ರಂದು ಮತ ಹಾಕಿತು. ಆ ರಾತ್ರಿ 1.50ರ ಹತ್ತಿರವಿದ್ದ ಪೌಂಡ್ ಬೆಳಗಾಗುವಷ್ಟರಲ್ಲಿ 1.33ಕ್ಕಿಂತ ಕೆಳಗಿಳಿದಿತ್ತು. 1985ರಿಂದೀಚೆಗೆ ಯಾರೂ ಕಾಣದ ಮಟ್ಟ ಅದು. ಅದೇ ವರ್ಷ ಅಕ್ಟೋಬರ್ 7ರಂದು, ಲಂಡನ್ ಇನ್ನೂ ಮಲಗಿದ್ದ ಹೊತ್ತಿನಲ್ಲಿ, ಏಷ್ಯಾದ ವಹಿವಾಟಿನಲ್ಲಿ ಪೌಂಡ್ ಕೆಲವೇ ನಿಮಿಷಗಳಲ್ಲಿ 1.26ರಿಂದ 1.20ಕ್ಕೂ ಕೆಳಗೆ ಕುಸಿದು ಮತ್ತೆ ಮೇಲೆದ್ದಿತು. ಆ ಕುಸಿತದಿಂದ ತನ್ನ ಲಾಭಕ್ಕೆ ಸುಮಾರು 1.5 ಕೋಟಿ ಪೌಂಡ್ ಪೆಟ್ಟು ಬೀಳಲಿದೆ ಎಂದು ಬ್ರಿಟನ್ನಿನ ಅಂಗಡಿ ಸರಣಿ ಸ್ಪೋರ್ಟ್ಸ್ ಡೈರೆಕ್ಟ್ ಪ್ರಕಟಿಸಬೇಕಾಯಿತು.

ಹತ್ತಿರದ ಸೀಸನ್ನಿನ ಖರೀದಿಗೆ ಮುಕ್ಕಾಲು ಪಾಲು, ಅದರ ಮುಂದಿನದಕ್ಕೆ ಅರ್ಧ, ಅದರಾಚೆಯದಕ್ಕೆ ಕಾಲು ಪಾಲು ಎಂದು ಹಂತಹಂತವಾಗಿ ಫಾರ್ವರ್ಡ್ ಕವರ್ ತೆಗೆದುಕೊಳ್ಳುವ ಕ್ರಮ ನಿಮಗೆ ಗೊತ್ತೇ ಇದೆ. ಇದರಿಂದ ಸಿಗುವುದು ಕಾಲಾವಕಾಶ. ದರ ಶಾಶ್ವತವಾಗಿ ಇಳಿದರೆ ಯಾವ ಕವರೂ ಕಾಪಾಡದು. ಆದರೆ ಬೆಲೆ ತಿದ್ದಲು, ಖರೀದಿಯ ಜಾಗ ಬದಲಿಸಲು, ವಿನ್ಯಾಸ ಸರಳಗೊಳಿಸಲು ಒಂದೆರಡು ಸೀಸನ್ ಸಿಗುತ್ತದೆ. ಇಲ್ಲಿ ಅಪಾಯ ಬ್ಯಾಂಕಿಗೆ ದಾಟುತ್ತದೆ. ಬ್ಯಾಂಕು ಅದಕ್ಕೆ ಬೆಲೆ ಪಡೆದಿರುತ್ತದೆ, ಹೊರುವ ಶಕ್ತಿಯೂ ಅದಕ್ಕಿದೆ. ಹೆಗಲು ಬದಲಿಸುವ ಸರಿಯಾದ ರೀತಿ ಇದು.

ಆದರೆ ಇದರಲ್ಲೂ ಒಂದು ಅಪಾಯ ನಮ್ಮಲ್ಲೇ ಉಳಿಯುತ್ತದೆ: ಖರೀದಿಯ ಅಂದಾಜು. ಆನ್‌ಲೈನ್ ಮಾರಾಟವನ್ನೇ ಇಟ್ಟುಕೊಳ್ಳದಿದ್ದ ಬಟ್ಟೆ ಅಂಗಡಿ ಸರಣಿ ಪ್ರೈಮಾರ್ಕ್, 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಅಂಗಡಿಗಳೆಲ್ಲ ಮುಚ್ಚಿದಾಗ, ತಿಂಗಳಿಗೆ 65 ಕೋಟಿ ಪೌಂಡ್ ಮಾರಾಟದಿಂದ ಸೊನ್ನೆಗೆ ಬಂತು. ಇಂಥ ಹೊತ್ತಿನಲ್ಲಿ ಖರೀದಿಯೇ ನಿಂತರೆ, ಆ ಖರೀದಿಗಾಗಿ ಮಾಡಿಟ್ಟ ಕವರ್ ತಾನೇ ಒಂದು ಬಾಜಿಯಾಗಿ ನಿಲ್ಲುತ್ತದೆ. ಖರೀದಿ ಇನ್ನು ನಡೆಯುವುದಿಲ್ಲ ಎಂದಾದರೆ, ಐಎಫ್‌ಆರ್‌ಎಸ್ 9ರ ಪ್ರಕಾರ, ಹೆಡ್ಜ್ ರಿಸರ್ವ್‌ನಲ್ಲಿ ಕುಳಿತಿದ್ದ ಲಾಭನಷ್ಟವೆಲ್ಲ ಲಾಭನಷ್ಟದ ಪಟ್ಟಿಗೆ ಬರಬೇಕು. ಹಾಗಾಗಿ ಟ್ರೆಷರಿಯವರು ದರದ ಪರದೆಯನ್ನು ನೋಡಿದಷ್ಟೇ ಸಲ ಖರೀದಿ ವಿಭಾಗದವರ ಜೊತೆ ಮಾತಾಡಬೇಕು. ಆರ್ಡರ್ ಕಡಿತದ ಸುದ್ದಿ ಅವರಿಗೆ ಗೊತ್ತಾಗಿ ಎಷ್ಟೋ ವಾರದ ಮೇಲೆ ನಿಮಗೆ ತಲುಪುವುದಾದರೆ ಆ ಕವರ್ ಲೆಕ್ಕವನ್ನು ನಂಬಿ ಕೂರಲಾಗದು.

ಈಗ ಟಾರ್ಗೆಟ್‌ನ ಕೆನಡಾ ಸಾಹಸಕ್ಕೆ ಬರೋಣ. ಹಣಕಾಸಿನ ಅಪಾಯ ಹಣಕಾಸು ವಿಭಾಗದಲ್ಲೇ ಹುಟ್ಟಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ನನಗೆ ಗೊತ್ತಿಲ್ಲ. 2011ರ ಜನವರಿಯಲ್ಲಿ ಟಾರ್ಗೆಟ್, ಜೆಲ್ಲರ್ಸ್ ಎಂಬ ಕೆನಡಾದ ಸರಣಿಯ 220ರವರೆಗಿನ ಅಂಗಡಿ ಜಾಗಗಳ ಬಾಡಿಗೆ ಹಕ್ಕನ್ನು 182.5 ಕೋಟಿ ಕೆನಡಾ ಡಾಲರಿಗೆ ಪಡೆಯಿತು. ಅಷ್ಟು ಹಣ ಸುರಿದ ಮೇಲೆ ಜಾಗಗಳನ್ನು ಖಾಲಿ ಬಿಡುವಂತಿಲ್ಲ. ಬಾಡಿಗೆಯ ಹೊರೆ ದಿನದಿನವೂ ಬೆಳೆಯುತ್ತಿರುತ್ತದೆ. 2013ರ ಮಾರ್ಚ್‌ನಲ್ಲಿ ಮೊದಲ ಅಂಗಡಿಗಳು ತೆರೆದವು, ಅದೇ ವರ್ಷದ ಕೊನೆಗೆ 124 ಆದವು. ಆ ಅವಸರದಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಸಾವಿರಾರು ಸರಕುಗಳ ವಿವರ ತುಂಬಿದರು. ಅಳತೆಗಳು ತಪ್ಪಿದವು. ಇಂಚು ಇರಬೇಕಾದಲ್ಲಿ ಸೆಂಟಿಮೀಟರ್, ಉದ್ದ ಇರಬೇಕಾದಲ್ಲಿ ಅಗಲ. ಪೆಟ್ಟಿಗೆಯ ಗಾತ್ರ ತಪ್ಪಿದರೆ ಶೆಲ್ಫಿನಲ್ಲಿ ಎಷ್ಟು ಹಿಡಿಸುತ್ತದೆ, ಲಾರಿಗೆ ಎಷ್ಟು ಹೇರಬಹುದು, ಮತ್ತೆ ಯಾವಾಗ ತರಿಸಬೇಕು ಎಂಬ ಲೆಕ್ಕವೆಲ್ಲ ತಪ್ಪುತ್ತದೆ. ಗೋದಾಮುಗಳು ಸರಕಿನಿಂದ ತುಂಬಿ ತುಳುಕಿದವು, ಅಂಗಡಿಯ ಶೆಲ್ಫುಗಳು ಖಾಲಿ ಉಳಿದವು. ಒಮ್ಮೆ ಬಂದು ಬರಿಗೈಲಿ ಹೋದ ಗಿರಾಕಿ ಮತ್ತೆ ಬರಲಿಲ್ಲ.

2015ರ ಜನವರಿ 15ರಂದು ಟಾರ್ಗೆಟ್ ಕೆನಡಾದಿಂದ ಹೊರಡುವುದಾಗಿ ಹೇಳಿತು. ಆಗ 133 ಅಂಗಡಿಗಳಿದ್ದವು, ಸುಮಾರು 17,600 ಕೆಲಸಗಾರರಿದ್ದರು. ಆ ತ್ರೈಮಾಸಿಕದಲ್ಲಿ ಸುಮಾರು 540 ಕೋಟಿ ಡಾಲರ್ ನಷ್ಟ ಬರೆಯಬೇಕಾಗುತ್ತದೆ ಎಂದು ಪ್ರಕಟಿಸಿತು. ಕೆಲಸಗಾರರಿಗೆ ಕನಿಷ್ಠ 16 ವಾರಗಳ ಸಂಬಳ ಸಿಗುವಂತೆ 7 ಕೋಟಿ ಕೆನಡಾ ಡಾಲರಿನ ನಿಧಿ ಇಟ್ಟಿತು, ಇದನ್ನು ಮೆಚ್ಚಲೇಬೇಕು. ಆದರೆ ಸರಕು ಕೊಟ್ಟ ವೆಂಡರುಗಳು ದಿವಾಳಿ ನ್ಯಾಯಾಲಯದಲ್ಲಿ ಬಾಕಿ ಬರಬೇಕಾದವರ ಸಾಲಿನಲ್ಲಿ ನಿಂತು ಕಾಯಬೇಕಾಯಿತು.

ಮಾಸ್ಟರ್ ಡೇಟಾ ತಂಡದಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರೇ, ನಿಮ್ಮ ಕೆಲಸವನ್ನು ಯಾರಾದರೂ ಗುಮಾಸ್ತಿಕೆ ಎಂದರೆ ಈ ಲೆಕ್ಕವನ್ನು ಅವರ ಮುಂದಿಡಿ. ಒಂದು ಪೆಟ್ಟಿಗೆಯ ಅಳತೆಯ ಕಾಲಂ ಸ್ಟಾಕಿನ ಮೌಲ್ಯವಾಗುತ್ತದೆ, ಸ್ಟಾಕು ನಗದಾಗುತ್ತದೆ, ನಗದು ಬಾಡಿಗೆಯನ್ನೂ ಸಂಬಳವನ್ನೂ ಕಟ್ಟುತ್ತದೆ. ಯೋಜನೆಯ ತಂಡದಲ್ಲಿರುವವರೇ, ಬಾಡಿಗೆ ಕರಾರಿನ ತಾರೀಖು ಅಂಗಡಿ ತೆರೆಯುವ ತಾರೀಖನ್ನು ನಿರ್ಧರಿಸುತ್ತಿದೆ ಎಂದು ಕಂಡ ದಿನವೇ ಎಚ್ಚರಿಕೆ ಕೊಡಿ. 2019ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 16, ಹೆಚ್ಚಿನ ಬಾಡಿಗೆ ಕರಾರುಗಳನ್ನು ಸಾಲದಂತೆಯೇ ಆಸ್ತಿಹೊಣೆ ಪಟ್ಟಿಯಲ್ಲಿ ತೋರಿಸಿ ಎನ್ನುತ್ತದೆ. ಈ ನಿಯಮ ಹೇಳುವ ಸತ್ಯ ಸರಳ: ಮಾರಾಟವಾಗಲಿ ಬಿಡಲಿ ಕೊಡಲೇಬೇಕಾದ ಹಣ ಸಾಲವೇ.

ಇನ್ನು ಟೆಸ್ಕೊ. 2014ರ ಸೆಪ್ಟೆಂಬರ್ 22ರಂದು ಆ ಕಂಪನಿ, ತನ್ನ ಅರ್ಧವಾರ್ಷಿಕ ಲಾಭದ ಅಂದಾಜು ಸುಮಾರು 25 ಕೋಟಿ ಪೌಂಡ್‌ನಷ್ಟು ಹೆಚ್ಚಾಗಿತ್ತು ಎಂದು ತಾನೇ ಹೇಳಿತು. ಮುಂದಿನ ತಿಂಗಳು ಆ ಅಂಕಿ 26.3 ಕೋಟಿಯಾಯಿತು. ಮೊದಲ ಪ್ರಕಟಣೆಯ ದಿನವೇ ಷೇರಿನ ಬೆಲೆ ಶೇ. 11ಕ್ಕಿಂತ ಹೆಚ್ಚು ಕುಸಿಯಿತು. ವೆಂಡರುಗಳು ಕೊಡುವ ರಿಬೇಟು, ಪ್ರಚಾರದ ಹಣ ಇತ್ಯಾದಿಗಳನ್ನು ಕೈಗೆ ಬರುವ ಮೊದಲೇ ಆದಾಯವೆಂದು ಬರೆದದ್ದು, ಖರ್ಚನ್ನು ಮುಂದೂಡಿದ್ದು ಇದರ ಮೂಲ. ಕ್ವಾರ್ಟರ್ ಕೊನೆಯಲ್ಲಿ ಗುರಿ ಮುಟ್ಟಲು ಮುಂದಿನ ಕ್ವಾರ್ಟರಿನಿಂದ ಸ್ವಲ್ಪ ಎಳೆದುಕೊಂಡರೆ, ಮುಂದಿನ ಸಲ ಆ ಹಳ್ಳವನ್ನೂ ತುಂಬಬೇಕು, ಹೊಸ ಗುರಿಯನ್ನೂ ಮುಟ್ಟಬೇಕು. 2017ರಲ್ಲಿ ಟೆಸ್ಕೊದ ಅಂಗಸಂಸ್ಥೆ ಬ್ರಿಟನ್ನಿನ ಗಂಭೀರ ವಂಚನೆ ತನಿಖಾ ಕಚೇರಿಯೊಂದಿಗೆ ಒಪ್ಪಂದ ಮಾಡಿಕೊಂಡು 12.9 ಕೋಟಿ ಪೌಂಡ್ ದಂಡ ಕಟ್ಟಿತು. ಮೊಕದ್ದಮೆ ಎದುರಿಸಿದ ಮೂವರು ಮಾಜಿ ಅಧಿಕಾರಿಗಳು ಖುಲಾಸೆಯಾದರು ಎಂಬುದನ್ನೂ ಇಲ್ಲೇ ಹೇಳುವುದು ನ್ಯಾಯ.

ಈ ಪ್ರಕರಣದ ಇನ್ನೊಂದು ಮುಖ 2016ರ ಜನವರಿಯಲ್ಲಿ ಹೊರಬಂತು. ಬ್ರಿಟನ್ನಿನ ದಿನಸಿ ವ್ಯಾಪಾರ ಸಂಹಿತೆಯ ಮೇಲ್ವಿಚಾರಕರು ತನಿಖೆ ಮಾಡಿ, ಟೆಸ್ಕೊ ತನ್ನ ಹಣಕಾಸಿನ ಸ್ಥಿತಿ ಚೆನ್ನಾಗಿ ಕಾಣಲೆಂದು ಗೊತ್ತಿದ್ದೂ ವೆಂಡರುಗಳ ಹಣವನ್ನು ತಡೆದಿತ್ತು ಎಂದು ತೀರ್ಮಾನಿಸಿದರು. ಲಕ್ಷಗಟ್ಟಲೆ ಪೌಂಡ್ ಬಾಕಿಗಾಗಿ ವರ್ಷಕ್ಕೂ ಹೆಚ್ಚು ಕಾಲ ಕಾದವರಿದ್ದರು. ವರ್ಕಿಂಗ್ ಕ್ಯಾಪಿಟಲ್‌ನ ಪಟ್ಟಿಯಲ್ಲಿ ಇದೆಲ್ಲ ಸುಧಾರಣೆಯಂತೆ ಕಾಣುತ್ತದೆ: ಪಾವತಿಯ ದಿನಗಳು 45ರಿಂದ 60, 60ರಿಂದ 90. ಆದರೆ ಆ ದಿನಗಳಲ್ಲಿ ವೆಂಡರ್ ತನ್ನ ಕೂಲಿ, ನೂಲು, ಕರೆಂಟು ಬಿಲ್ಲಿಗೆ ಸಾಲ ತಂದಿರುತ್ತಾನೆ. ಬಲಿಷ್ಠ ಕಂಪನಿ ಕಡಿಮೆ ಬಡ್ಡಿಗೆ ತರಬಹುದಾದ ಹಣವನ್ನು ದುರ್ಬಲ ವೆಂಡರ್ ಹೆಚ್ಚು ಬಡ್ಡಿಗೆ ತರುತ್ತಾನೆ. ಇಡೀ ಸರಪಳಿಯ ಖರ್ಚು ಏರುತ್ತದೆ. ಅದು ಮುಂದಿನ ವರ್ಷದ ಬೆಲೆಯಲ್ಲೋ, ಇಳಿದ ಗುಣಮಟ್ಟದಲ್ಲೋ, ಮುಚ್ಚಿದ ಕಾರ್ಖಾನೆಯ ರೂಪದಲ್ಲೋ ವಾಪಸು ಬರುತ್ತದೆ.

ಸಪ್ಲೈ ಚೈನ್ ಫೈನಾನ್ಸ್ ಈ ತೊಂದರೆಗೆ ಮದ್ದೆಂದು ಬಂತು. ಬ್ಯಾಂಕು ವೆಂಡರಿಗೆ ಬೇಗ ಹಣ ಕೊಡುತ್ತದೆ, ಅಂಗಡಿ ಬ್ಯಾಂಕಿಗೆ ತಡವಾಗಿ ಕೊಡುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಬ್ಯಾಂಕಿನ ಸಾಲ ವ್ಯಾಪಾರದ ಬಾಕಿಯ ವೇಷದಲ್ಲಿ ಅಡಗಿ ಕೂರಬಲ್ಲದು. ಹಣ ಕೊಡುವವರು ಒಂದು ದಿನ ಕೈ ಹಿಂದೆಗೆದರೆ ಆ ಸಾಲವೆಲ್ಲ ಒಟ್ಟಿಗೆ ಎದುರಾಗುತ್ತದೆ. ಈ ವ್ಯವಹಾರದಲ್ಲೇ ಬೆಳೆದ ಗ್ರೀನ್‌ಸಿಲ್ 2021ರ ಮಾರ್ಚ್‌ನಲ್ಲಿ ಕುಸಿದದ್ದನ್ನು ನೀವೆಲ್ಲ ಕಂಡಿದ್ದೀರಿ. 2024ರಿಂದ ಇಂಥ ಏರ್ಪಾಡುಗಳ ಮೊತ್ತವನ್ನೂ ಷರತ್ತುಗಳನ್ನೂ ಟಿಪ್ಪಣಿಯಲ್ಲಿ ತೋರಿಸಬೇಕೆಂದು ಅಂತರರಾಷ್ಟ್ರೀಯ ಲೆಕ್ಕ ನಿಯಮ ಹೇಳುತ್ತದೆ. ಆ ಟಿಪ್ಪಣಿಯನ್ನು ತಯಾರಿಸುವವರು ನೀವಾಗಿದ್ದರೆ ನಿಯಮ ಕೇಳಿದ್ದಕ್ಕಿಂತ ಒಂದು ಸಾಲು ಹೆಚ್ಚು ಬರೆಯಿರಿ, ಕಡಿಮೆ ಬೇಡ.

ದೇಶದ ಅಪಾಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2022ರ ಮಾರ್ಚ್‌ನಲ್ಲಿ ಜಾರಾ ಬಟ್ಟೆಗಳ ಮಾಲೀಕ ಕಂಪನಿ ಇಂಡಿಟೆಕ್ಸ್ ರಷ್ಯಾದ ತನ್ನ 502 ಅಂಗಡಿಗಳನ್ನೂ ಒಮ್ಮೆಗೇ ನಿಲ್ಲಿಸಿತು. ಅದರ ವ್ಯಾವಹಾರಿಕ ಲಾಭದಲ್ಲಿ ಸುಮಾರು ಶೇ. 8.5 ಆ ದೇಶದಿಂದ ಬರುತ್ತಿತ್ತು. ರಷ್ಯಾ ಮತ್ತು ಉಕ್ರೇನಿನ ಲೆಕ್ಕಕ್ಕೆ 21.6 ಕೋಟಿ ಯೂರೊ ಪ್ರೊವಿಷನ್ ಬರೆದೂ ಕಂಪನಿ ಗಟ್ಟಿಯಾಗಿ ನಿಂತಿತು. ಕಾರಣ, ಮಾರುಕಟ್ಟೆಗಳು ಹರಡಿದ್ದವು, ಕೈಯಲ್ಲಿ ನಗದಿತ್ತು. ಅಪಾಯವನ್ನು ತನ್ನ ಹೆಗಲಲ್ಲೇ ಹೊರುವ ಶಕ್ತಿ ಬೆಳೆಸಿಕೊಳ್ಳುವುದೂ ನಿರ್ವಹಣೆಯೇ ಎಂಬುದನ್ನು ನಾವು ಮರೆಯುತ್ತೇವೆ. ಸುಮ್ಮನೆ ಕುಳಿತ ನಗದನ್ನು ಸೋಮಾರಿ ಹಣ ಎನ್ನುವವರಿದ್ದಾರೆ. ಕೆಟ್ಟ ಕಾಲಕ್ಕೆ ಕಣಜ ಕಾದಂತೆ ಅದು ಕಾದಿರುತ್ತದೆ.

ಈಗ ನಮ್ಮ ನೆಲದ ಮಾತು. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಪಶ್ಚಿಮದ ಅಂಗಡಿಗಳು ಆರ್ಡರುಗಳನ್ನು ರದ್ದು ಮಾಡಿದವು, ತಡೆಹಿಡಿದವು. ಹೊಲಿದು ಪ್ಯಾಕ್ ಮಾಡಿದ ಬಟ್ಟೆಗೂ ಹಣ ಬರಲಿಲ್ಲ. ಬಾಂಗ್ಲಾದೇಶವೊಂದರಲ್ಲೇ 300 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರುಗಳು ಹೀಗೆ ನಿಂತವೆಂದು ಅಲ್ಲಿನ ಸಿದ್ಧ ಉಡುಪು ತಯಾರಕರ ಸಂಘ ಲೆಕ್ಕ ಕೊಟ್ಟಿತು. ಎಷ್ಟೋ ಕರಾರುಗಳ ಷರತ್ತುಗಳು ಆರ್ಡರ್ ಕೊಟ್ಟವರ ಪರವಾಗಿದ್ದವು. ನಮ್ಮ ಶ್ರೀರಂಗಪಟ್ಟಣದಲ್ಲಿ ಆ ಜೂನ್ ತಿಂಗಳಲ್ಲಿ ಒಂದು ಗಾರ್ಮೆಂಟ್ಸ್ ಕಾರ್ಖಾನೆ ಸುಮಾರು 1,200 ಕಾರ್ಮಿಕರನ್ನು ಮನೆಗೆ ಕಳಿಸಿತು. ಬಹುಪಾಲು ಹೆಣ್ಣುಮಕ್ಕಳು. ಆರ್ಡರ್ ಇಲ್ಲ ಎಂಬುದು ಆಡಳಿತ ಕೊಟ್ಟ ಕಾರಣ; ಕಾರ್ಮಿಕ ಸಂಘ ಅದನ್ನು ಒಪ್ಪಲಿಲ್ಲ, ಹೆಂಗಸರು ಗೇಟಿನ ಮುಂದೆ ವಾರಗಟ್ಟಲೆ ಧರಣಿ ಕೂತರು. ಆ ವರ್ಷದ ಏಪ್ರಿಲ್‌ನಲ್ಲಿ, ಮಾರಾಟವೇ ಇಲ್ಲದಿದ್ದ ಪ್ರೈಮಾರ್ಕ್, ಟೀಕೆಗಳ ನಂತರ, ಇನ್ನೂ 37 ಕೋಟಿ ಪೌಂಡ್ ಮೊತ್ತದ ಆರ್ಡರುಗಳಿಗೆ ಹಣ ಕೊಡಲು ಒಪ್ಪಿತು. ಅಂದರೆ ದಾರಿ ಇತ್ತು. ದಾರಿ ಹುಡುಕಬೇಕೆಂಬ ನಿರ್ಧಾರ ಬೇಕಿತ್ತು.

ಹೆಗಲು ಬದಲಿಸುವ ಈ ಆಟ ನಿಂತಿಲ್ಲ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಹೆಚ್ಚಿನ ಸರಕುಗಳ ಮೇಲೆ ಶೇ. 50ರ ಸುಂಕ ಹೇರಿದಾಗ ಮೊದಲ ಪ್ರಶ್ನೆ ಇದೇ ಆಗಿತ್ತು: ಸುಂಕ ಕಟ್ಟುವವರು ಯಾರು? ಎಫ್‌ಒಬಿ ಕರಾರಾದರೆ ಕೊಳ್ಳುವವರು, ಡಿಡಿಪಿ ಆದರೆ ಮಾರುವವರು. ಮೂರಕ್ಷರದ ಒಂದು ಷರತ್ತು ತಿರುಪ್ಪೂರಿನ, ಬೊಮ್ಮಸಂದ್ರದ ಕಾರ್ಖಾನೆಯ ಇಡೀ ವರ್ಷದ ಲಾಭವನ್ನು ನುಂಗಬಲ್ಲದು. ಕಾಗದದ ಮೇಲೆ ಎಫ್‌ಒಬಿ ಇದ್ದರೂ ರಿಯಾಯಿತಿ ಕೇಳಿ ಅದೇ ಭಾರವನ್ನು ದಾಟಿಸಲು ಸಾಧ್ಯ.

'ನಿರ್ಧಾರ ಆಗುವುದು ಕೇಂದ್ರ ಕಚೇರಿಗಳಿರುವ ಮಿನ್ನಿಯಾಪೊಲಿಸ್‌ನಲ್ಲಿ, ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ. ನಮ್ಮ ಕೈಯಲ್ಲಿ ಏನಿದೆ?' ಎಂದು ನೀವು ಕೇಳಬಹುದು. ನಿಜ, ಸಹಿ ಅವರದು. ಆದರೆ ಅವರು ಸಹಿ ಹಾಕುವ ಕಾಗದದ ಅಂಕಿ ನಿಮ್ಮದು. ಟೆಸ್ಕೊ ಪ್ರಕರಣ ಬೆಳಕಿಗೆ ಬಂದದ್ದೇ ಹಣಕಾಸು ವಿಭಾಗದ ಒಳಗಿನವರು ತಮ್ಮ ಕಳವಳವನ್ನು ಕಂಪನಿಯ ಕಾನೂನು ಮುಖ್ಯಸ್ಥರ ಮುಂದಿಟ್ಟದ್ದರಿಂದ. ಷೇರುದಾರರ ಹಿತ ಕಾಯುವುದೇ ಕಂಪನಿಯ ಧರ್ಮ, ವೆಂಡರುಗಳ ಕಷ್ಟ ಅದರದಲ್ಲ ಎಂಬ ವಾದವನ್ನೂ ನಾನು ಬಲ್ಲೆ. ಆ ಷೇರುದಾರರನ್ನೇ ಕೇಳಿ: ಎಳೆದು ತಂದ ರಿಬೇಟಿನಿಂದ ಅವರಿಗೆ ಉಳಿದದ್ದೇನು?

ಹಾಗಾಗಿ ನಿಮ್ಮಲ್ಲಿ ಕೆಲವು ಕೋರಿಕೆಗಳಿವೆ.

ರಿಸ್ಕ್ ರಿಜಿಸ್ಟರ್‌ನಲ್ಲಿ ಸಂಭವನೀಯತೆ, ಪರಿಣಾಮ ಎಂಬ ಕಾಲಂಗಳ ಪಕ್ಕ ಇನ್ನೊಂದು ಕಾಲಂ ಸೇರಿಸಿ: ಈ ಕ್ರಮದ ನಂತರ ಭಾರ ಹೊರುವವರು ಯಾರು, ಅವರಿಗೆ ತಿಳಿಸಲಾಗಿದೆಯೇ, ಎಷ್ಟು ತಿಂಗಳು ತಡೆದಾರು. ಮೇಲಿನವರು ಕೇಳದಿದ್ದರೂ ತುಂಬಿ ಕಳಿಸಿ. ಎರಡು ಮೂರು ಸಲ ಕಂಡ ಮೇಲೆ ಅವರೇ ಕೇಳುತ್ತಾರೆ.

ಪಾವತಿಯ ದಿನಗಳನ್ನು ಹೆಚ್ಚಿಸುವ ಪ್ರಸ್ತಾಪ ಬಂದಾಗ ದೊಡ್ಡ ವೆಂಡರುಗಳನ್ನೂ ಚಿಕ್ಕವರನ್ನೂ ಬೇರೆ ಬೇರೆ ಪಟ್ಟಿ ಮಾಡಿ. ಚಿಕ್ಕವರ ಒಟ್ಟು ಬಾಕಿ ಕಂಪನಿಯ ನಗದಿನಲ್ಲಿ ಎಷ್ಟು ಸಣ್ಣ ಭಾಗ ಎಂದು ಅಂಕಿಯಲ್ಲಿ ತೋರಿಸಿ. ಅವರಿಗೆ ಬೇಗ ಕೊಟ್ಟರೆ ಕಂಪನಿಗೆ ತಗಲುವ ಖರ್ಚು ಎಷ್ಟು ಕಡಿಮೆ ಎಂಬುದು ಆಗ ತಾನಾಗಿ ಕಾಣುತ್ತದೆ.

ಕ್ವಾರ್ಟರ್ ಕ್ಲೋಸಿಂಗ್‌ನಲ್ಲಿ ಕಾಗದಪತ್ರವಿಲ್ಲದ ಆದಾಯದ ಎಂಟ್ರಿ ಬಂದರೆ ಇಮೇಲ್‌ನಲ್ಲೇ ಪ್ರಶ್ನೆ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಫೋನಿನಲ್ಲಿ 'ಸದ್ಯಕ್ಕೆ ಹಾಕಿಬಿಡಿ' ಎನ್ನುವವರು ಬರವಣಿಗೆಯಲ್ಲಿ ಹಾಗೆನ್ನಲು ಹಿಂಜರಿಯುತ್ತಾರೆ.

ಆರ್ಡರ್ ರದ್ದು, ಸುಂಕ, ಸಾಗಣೆ ಕುರಿತ ಷರತ್ತುಗಳನ್ನು ಕಾನೂನು ವಿಭಾಗದವರಿಗೇ ಬಿಡಬೇಡಿ. ಅವು ಹಣಕಾಸಿನ ಷರತ್ತುಗಳು. ವರ್ಷಕ್ಕೊಮ್ಮೆಯಾದರೂ ಪೀಣ್ಯಕ್ಕೋ ಬೊಮ್ಮಸಂದ್ರಕ್ಕೋ ಹೋಗಿ ಒಂದು ಕಾರ್ಖಾನೆಯ ಲೆಕ್ಕದವರ ಜೊತೆ ಕೂತು, ನಿಮ್ಮ ಕಂಪನಿಯಂಥವರ ಪಾವತಿ ತಡವಾದ ತಿಂಗಳಲ್ಲಿ ಸಂಬಳಕ್ಕೆ ಹಣ ಎಲ್ಲಿಂದ ತರುತ್ತಾರೆ ಎಂದು ಕೇಳಿ ತಿಳಿಯಿರಿ. ನಿಮ್ಮ ಕೇಂದ್ರ ಕಚೇರಿಯವರಿಗೆ ಇಷ್ಟು ಹತ್ತಿರದಲ್ಲಿ ಈ ಉತ್ತರ ಸುಲಭವಾಗಿ ಸಿಗುವುದಿಲ್ಲ. ಕೊಳ್ಳುವವರ ಲೆಕ್ಕವೂ ಹೊಲಿಯುವವರ ಲೆಕ್ಕವೂ ಒಂದೇ ಊರಿನಲ್ಲಿ ಬರೆಯಲಾಗುತ್ತಿರುವುದು ಬೆಂಗಳೂರಿಗೆ ಸಿಕ್ಕಿರುವ ದೊಡ್ಡ ಅನುಕೂಲ.

ಕೊನೆಯದು ತಂಡಗಳ ಹಿರಿಯರಿಗೆ. ನಿಮ್ಮ ಕಿರಿಯರು ಪ್ರಶ್ನೆ ಕೇಳಿದಾಗ ಅಪ್ರೈಸಲ್‌ನಲ್ಲಿ ಅದು ಅವರಿಗೆ ಮುಳುವಾಗದಂತೆ ನೋಡಿಕೊಳ್ಳಿ. ಉತ್ತರ ಸಿಗುವವರೆಗೆ ಅವರ ಜೊತೆ ನಿಲ್ಲಿ. ಇಪ್ಪತ್ತು ವರ್ಷಗಳಲ್ಲಿ ಈ ಊರು ಲೆಕ್ಕ ಬರೆಯುವುದರಲ್ಲಿ ಜಗತ್ತಿನ ವಿಶ್ವಾಸ ಗಳಿಸಿದೆ. ಲೆಕ್ಕವನ್ನು ಪ್ರಶ್ನಿಸುವುದರಲ್ಲೂ ಅದೇ ವಿಶ್ವಾಸ ಗಳಿಸುವ ಬುದ್ಧಿ, ಅನುಭವ ಎರಡೂ ನಿಮ್ಮಲ್ಲಿವೆ. ಮುಂದಿನ ಕ್ಲೋಸಿಂಗ್‌ನಿಂದಲೇ ಶುರುಮಾಡಿ.

ಇಂತಿ,
ನಿಮ್ಮ ವೃತ್ತಿಯ ಹಿರಿಯ ಗೆಳತಿ